ಹನ್ನೆರಡು ವ್ಯಾಟ್‌ನ ಗಾಳಿಯಂತ್ರ: ಮಲಾವಿಯ ಒಂದು ಮನೆಯ ಪ್ರಕರಣ

ಮನೆಯಲ್ಲೇ ಗಾಳಿಯಂತ್ರ ಕಟ್ಟಿ ವಿದ್ಯುತ್ ಪಡೆದವರ ಮಾತು ಬಂದಾಗಲೆಲ್ಲ ಆಗ್ನೇಯ ಆಫ್ರಿಕಾದ ಮಲಾವಿ ದೇಶದ ವಿಲಿಯಂ ಕಾಂಕ್ವಾಂಬಾ ಹೆಸರು ಬಂದೇ ಬರುತ್ತದೆ. ಶಾಲೆ ಬಿಟ್ಟ ಹದಿನಾಲ್ಕರ ಹುಡುಗ ಗುಜರಿ ಸಾಮಾನಿನಿಂದ ಗಾಳಿಯಂತ್ರ ಮಾಡಿ ಮನೆಗೆ ಬೆಳಕು ತಂದ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಹೀಗೆ ಹೇಳುವಾಗ ಆ ಕೆಲಸದ ಅತಿ ಕಷ್ಟದ ಭಾಗವೇ ಬಿಟ್ಟುಹೋಗುತ್ತದೆ. ರೆಕ್ಕೆ ತಿರುಗಿ ಬಲ್ಬು ಹೊತ್ತಿದ ದಿನ ಅವನ ಅರ್ಧ ಕೆಲಸವಷ್ಟೇ ಮುಗಿದಿತ್ತು. ಹುಟ್ಟಿದ ವಿದ್ಯುತ್ತನ್ನು ಹುಲ್ಲಿನ ಸೂರಿನ ಮನೆಯೊಳಕ್ಕೆ ಬೆಂಕಿ ಬೀಳದ ಹಾಗೆ ತರುವುದು, ಗಾಳಿ ಇಲ್ಲದ ರಾತ್ರಿಗೆ ಉಳಿಸಿಡುವುದು, ಕಳಚಿದ್ದನ್ನು ಮತ್ತೆ ಮತ್ತೆ ಕೂಡಿಸುವುದು ಬಾಕಿ ಇತ್ತು. ಈ ಬರಹದಲ್ಲಿ ಆ ಉಳಿದರ್ಧಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಸ್ವಂತ ಗಾಳಿಯಂತ್ರದ ಆಸೆ ಇರುವವರಿಗೆ ಈ ಪ್ರಕರಣದಿಂದ ಕಲಿಯಲು ಸಿಗುವುದು ಹೆಚ್ಚಾಗಿ ಅಲ್ಲೇ.

ಹಸಿವಿನ ವರ್ಷ

ಮಲಾವಿಯ ಕಸುಂಗು ಜಿಲ್ಲೆಯ ವಿಂಬೆ ಎಂಬಲ್ಲಿ ಮಸಿತಾಲಾ ಎಂಬ ಸಣ್ಣ ಹಳ್ಳಿ. ಹೊಟ್ಟೆಗೆ ಮೆಕ್ಕೆಜೋಳ, ಕಾಸಿಗೆ ತಂಬಾಕು. ಎರಡಕ್ಕೂ ಮಳೆಯೇ ಆಧಾರ. 1987ರಲ್ಲಿ ಹುಟ್ಟಿದ ವಿಲಿಯಂ ಬೆಳೆದದ್ದು ಅಲ್ಲಿ, ಆರು ಮಂದಿ ಅಕ್ಕತಂಗಿಯರ ಜೊತೆ. ಅಲ್ಲಿನ ದಿನನಿತ್ಯದ ಊಟ ನ್ಸಿಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಗಟ್ಟಿ ಮಾಡಿ, ನಮ್ಮ ರಾಗಿಮುದ್ದೆಯ ಹಾಗೆಯೇ ಕೈಯಲ್ಲಿ ಮುರಿದು ಪಲ್ಯದೊಡನೆ ತಿನ್ನುತ್ತಾರೆ. 2001ರಲ್ಲಿ ಮಳೆ ಮೊದಲು ವಿಪರೀತ ಸುರಿದು, ಆಮೇಲೆ ಕೈಕೊಟ್ಟು, ಬೆಳೆ ನೆಲಕಚ್ಚಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಸರ್ಕಾರಿ ಧಾನ್ಯದ ದಾಸ್ತಾನು ಅಷ್ಟರಲ್ಲಾಗಲೇ ಮಾರಾಟವಾಗಿತ್ತು. ಮೆಕ್ಕೆಜೋಳದ ಬೆಲೆ ಏರಿತು, 2002ರ ಮೊದಲ ತಿಂಗಳುಗಳಲ್ಲಿ ಜನ ಹಸಿವಿನಿಂದ ಸತ್ತರು. ತಮ್ಮ ಮನೆಯಲ್ಲಿ ದಿನಕ್ಕೆ ಒಂದೇ ಊಟವಿತ್ತು, ಅದೂ ರಾತ್ರಿ, ತಲೆಗೆ ಮೂರು ತುತ್ತು ನ್ಸಿಮಾ ಎಂದು ವಿಲಿಯಂ ಮುಂದೆ ಸಭೆಯೊಂದರಲ್ಲಿ ಹೇಳಿಕೊಂಡರು.

ಆ ಹೊತ್ತಿಗೆ ಅವನು ಪ್ರೌಢಶಾಲೆಗೆ ಸೇರಿದ್ದನಷ್ಟೆ. ವರ್ಷದ ಶುಲ್ಕ ಸುಮಾರು 80 ಡಾಲರ್. ಮೂರು ತುತ್ತಿನ ಮನೆಯಲ್ಲಿ ಆ ಹಣ ಎಲ್ಲಿಂದ ಬರಬೇಕು? ಶಾಲೆ ನಿಂತಿತು. ಓದು ತಪ್ಪಿ ಗೆಳೆಯರಿಗಿಂತ ಹಿಂದೆ ಬೀಳಬಾರದೆಂದು ಅವನು ಊರ ಪ್ರಾಥಮಿಕ ಶಾಲೆಯ ಪುಟ್ಟ ಗ್ರಂಥಾಲಯಕ್ಕೆ ಹೋಗತೊಡಗಿದ. ಅಮೆರಿಕದಿಂದ ದಾನವಾಗಿ ಬಂದ ಪುಸ್ತಕಗಳ ನಡುವೆ ಶಕ್ತಿಯ ಮೂಲಗಳ ಕುರಿತ ಒಂದು ಪಠ್ಯಪುಸ್ತಕ ಸಿಕ್ಕಿತು. ಅದರ ಮುಖಪುಟದಲ್ಲಿ ಗಾಳಿಯಂತ್ರಗಳ ಸಾಲು. ಇಂಗ್ಲಿಷ್ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಚಿತ್ರ ನೋಡಿ, ಅದರ ಸುತ್ತಲಿನ ಪದಗಳ ಅರ್ಥ ಊಹಿಸಿ, ನಿಘಂಟು ಹಿಡಿದು ಓದಿದ. ಗಾಳಿಯಂತ್ರದಿಂದ ನೀರೆತ್ತಬಹುದು, ವಿದ್ಯುತ್ತನ್ನೂ ಪಡೆಯಬಹುದು ಎಂದು ಅಲ್ಲಿ ಬರೆದಿತ್ತು.

ಇದರಲ್ಲಿ ಅವನ ಮನಸ್ಸು ಹಿಡಿದದ್ದು ನೀರೆತ್ತುವ ಮಾತು. ನೀರಿದ್ದರೆ ವರ್ಷಕ್ಕೆ ಎರಡು ಬೆಳೆ, ಎರಡು ಬೆಳೆಯಿದ್ದರೆ ಹಸಿವಿಲ್ಲ. ಬೆಳಕು ಎರಡನೆಯದು. ಆದರೆ ಮೊದಲು ಕೈಗೂಡಿದ್ದು ಬೆಳಕೇ. ಏಕೆ ಹಾಗಾಯಿತು ಎಂಬುದಕ್ಕೆ ಉತ್ತರ ಆ ಯಂತ್ರದ ಅಂಕಿಗಳಲ್ಲೇ ಇದೆ.

ಕಟ್ಟಿದ ಬಗೆ

ಮೊದಲು ಹಳೆಯ ಟೇಪ್ ರೆಕಾರ್ಡರಿನ ಪುಟ್ಟ ಮೋಟಾರ್ ಬಳಸಿ ಒಂದು ಮಾದರಿ ಮಾಡಿದ. ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಇದನ್ನು ನಾನು ಬಹಳ ಮುಖ್ಯ ಹೆಜ್ಜೆ ಎಂದು ಎಣಿಸುತ್ತೇನೆ. ದೊಡ್ಡದಕ್ಕೆ ಕೈಹಾಕುವ ಮುನ್ನ ಅಂಗೈಯಗಲದ ಯಂತ್ರದಲ್ಲಿ ತತ್ವವನ್ನು ಖಚಿತ ಮಾಡಿಕೊಂಡಿದ್ದರಿಂದ, ಮುಂದೆ ಏನು ಕೆಟ್ಟರೂ ತತ್ವದ ಮೇಲೆ ಅನುಮಾನ ಪಡುವ ಅಗತ್ಯ ಬೀಳಲಿಲ್ಲ.

ಆಮೇಲೆ ದೊಡ್ಡ ಯಂತ್ರ. ಗುಜರಿಯಲ್ಲಿ ಬಿದ್ದಿದ್ದ ಟ್ರ್ಯಾಕ್ಟರ್ ಫ್ಯಾನು ರೆಕ್ಕೆಗಳಿಗೆ ನಡುಗುಂಬವಾಯಿತು. ಅದರ ಎಲೆಗಳು ಗಿಡ್ಡವಾದ್ದರಿಂದ, ಪಿವಿಸಿ ಕೊಳವೆಯನ್ನು ಸೀಳಿ ಬೆಂಕಿಯಲ್ಲಿ ಕಾಯಿಸಿ ಚಪ್ಪಟೆ ಮಾಡಿ ಉದ್ದನೆಯ ರೆಕ್ಕೆಗಳನ್ನು ಜೋಡಿಸಿದ. ಶಾಕ್ ಅಬ್ಸಾರ್ಬರ್ ಒಂದು ಅಚ್ಚಾಯಿತು. ಮುರುಕು ಸೈಕಲ್ಲಿನ ಚೌಕಟ್ಟು ಇಡೀ ಯಂತ್ರದ ದೇಹ. ಡ್ರಿಲ್ ಇರಲಿಲ್ಲ, ಮೆಕ್ಕೆಜೋಳದ ದಿಂಡಿಗೆ ಮೊಳೆ ಸಿಕ್ಕಿಸಿ, ಕೆಂಪಗೆ ಕಾಯಿಸಿ ಕೊಳವೆಗೆ ತೂತು ಕೊರೆದ. ವಾಷರ್ ಇರಲಿಲ್ಲ, ಬಾಟಲಿ ಮುಚ್ಚಳಗಳನ್ನು ತಟ್ಟಿ ಸಮ ಮಾಡಿದ. ಅಚ್ಚಿಗೆ ಸೈಕಲ್ಲಿನ ಹಲ್ಲುಚಕ್ರ ಕೂಡಿಸಲು ವೆಲ್ಡಿಂಗ್ ಬೇಕಿತ್ತು. ಅದರ ಕೂಲಿಯನ್ನು ಮೈಮುರಿದು ದುಡಿದೇ ಹೊಂದಿಸಬೇಕಾಯಿತು. ಕೊನೆಗೂ ಕೈಗೆ ಸಿಗದೆ ಸತಾಯಿಸಿದ್ದು ಡೈನಮೋ, ಅಂದರೆ ಚಕ್ರಕ್ಕೆ ತಾಗಿ ತಿರುಗಿ ಸೈಕಲ್ ದೀಪಕ್ಕೆ ವಿದ್ಯುತ್ ಕೊಡುವ ಪುಟ್ಟ ಯಂತ್ರ. ಅದನ್ನು ಗೆಳೆಯನೊಬ್ಬ ತನ್ನ ಜೇಬಿನ ಹಣದಿಂದ ಕೊಡಿಸಿದ. ಒಬ್ಬನೇ ಹುಡುಗ ಮಾಡಿದ ಯಂತ್ರ ಎಂದು ಹೇಳುವವರು ಈ ಗೆಳೆಯನನ್ನೂ, ಗೋಪುರ ಎತ್ತಲು ಹೆಗಲು ಕೊಟ್ಟ ದಾಯಾದಿಯನ್ನೂ ನೆನೆಯಬೇಕು.

ಊರಿನವರಿಗೆ ಗುಜರಿ ಹೊತ್ತು ತಿರುಗುವ ಹುಡುಗ ಅರ್ಥವಾಗಲಿಲ್ಲ. ತಲೆಕೆಟ್ಟಿದೆ ಎಂದರು, ಗಾಂಜಾ ಸೇದುತ್ತಾನೆ ಎಂದರು. ನೀಲಗಿರಿ ಮರದ ಕಾಂಡಗಳಿಂದ ಸುಮಾರು 5 ಮೀಟರ್ ಎತ್ತರದ ಗೋಪುರ ನಿಂತು, ರೆಕ್ಕೆ ತಿರುಗಿ, ಅವನ ಕೈಯಲ್ಲಿದ್ದ ಪುಟ್ಟ ಬಲ್ಬು ಮಿನುಗಿ ಹೊತ್ತಿದ್ದನ್ನು ಅದೇ ಜನ ಕಣ್ಣಾರೆ ನೋಡಿದರು.

ವೇಗದ ಗುಟ್ಟು ಸೈಕಲ್ ಚಕ್ರದಲ್ಲಿ

ಸಣ್ಣ ಗಾಳಿಯಂತ್ರದ ಮೂಲ ತೊಡಕು ಇದು: ರೆಕ್ಕೆ ನಿಧಾನ ತಿರುಗುತ್ತದೆ, ಡೈನಮೋಗೆ ಭಾರಿ ವೇಗ ಬೇಕು. ಸಾಮಾನ್ಯ ಸೈಕಲ್ ಡೈನಮೋದ ತಲೆ ಸುಮಾರು 2 ಸೆಂಟಿಮೀಟರ್ ಅಗಲ. ಸೈಕಲ್ ಚಕ್ರ 65 ಸೆಂಟಿಮೀಟರಿಗೂ ಮಿಕ್ಕಿದ್ದು. ಚಕ್ರ ಒಂದು ಸುತ್ತು ಬಂದರೆ ಡೈನಮೋ ಮೂವತ್ತಕ್ಕೂ ಹೆಚ್ಚು ಸುತ್ತು ಬರುತ್ತದೆ. ಇದರ ಮೇಲೆ ಪೆಡಲಿನ ದೊಡ್ಡ ಹಲ್ಲುಚಕ್ರದಿಂದ ಹಿಂಗಾಲಿಯ ಚಿಕ್ಕ ಹಲ್ಲುಚಕ್ರಕ್ಕೆ ಸರಪಳಿ ಹಾಕಿದರೆ ಇನ್ನೆರಡು ಪಟ್ಟಿಗಿಂತ ಹೆಚ್ಚು ವೇಗ ದಕ್ಕುತ್ತದೆ. ಅಂದರೆ ರೆಕ್ಕೆಯ ಒಂದು ಸುತ್ತಿಗೆ ಡೈನಮೋದ ಎಪ್ಪತ್ತು ಸುತ್ತು. ರೆಕ್ಕೆಯಿದ್ದಲ್ಲಿ ಪೆಡಲನ್ನು ಊಹಿಸಿಕೊಳ್ಳಿ: ಗಾಳಿ ಸೈಕಲ್ ತುಳಿಯುತ್ತಿದೆ, ಅಷ್ಟೆ. ವಿಲಿಯಂಗೆ ಗಿಯರ್‌ಬಾಕ್ಸ್ ಕೊಳ್ಳುವ ಶಕ್ತಿ ಇರಲಿಲ್ಲ, ಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿದೆ. ರೆಕ್ಕೆಯ ತುದಿಯಿಂದ ತುದಿಗೆ ಎರಡೂವರೆ ಮೀಟರ್ ಎಂದು ಹಿಡಿಯೋಣ. ಸೈಕಲ್ ಸವಾರ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದಾಗ ಡೈನಮೋಗೆ ಸಿಗುವ ವೇಗವೇ ಇಲ್ಲೂ ಸಿಗಬೇಕಾದರೆ ರೆಕ್ಕೆ ನಿಮಿಷಕ್ಕೆ ಸುಮಾರು 75 ಸುತ್ತು ಬಂದರೆ ಸಾಕು. ಇದು ಸೆಕೆಂಡಿಗೆ 4ರಿಂದ 5 ಮೀಟರ್ ವೇಗದ ಗಾಳಿಗೆ, ಅಂದರೆ ಮರದ ಎಲೆಗಳೂ ಸಣ್ಣ ರೆಂಬೆಗಳೂ ಒಂದೇ ಸಮನೆ ಅಲುಗಾಡುವ ಗಾಳಿಗೆ, ಒರಟು ರೆಕ್ಕೆಗಳಿಂದಲೂ ಸಾಧ್ಯವಾಗುವ ವೇಗ. ಹೊಂದಿಕೆ ಅಷ್ಟು ಚೆನ್ನಾಗಿ ಕೂತಿತ್ತು.

ಶಕ್ತಿಯ ಲೆಕ್ಕ ಬೇರೆ. ಎರಡೂವರೆ ಮೀಟರ್ ಅಡ್ಡಳತೆಯ ವೃತ್ತದ ಮೂಲಕ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಾಯುವ ಗಾಳಿಯಲ್ಲಿ, ಕಸುಂಗುವಿನಂತಹ ಎತ್ತರದ ಬಯಲಿನ ತೆಳುಗಾಳಿಯಲ್ಲೂ, ಸುಮಾರು 170 ವ್ಯಾಟ್ ಶಕ್ತಿ ಇರುತ್ತದೆ. ಅದರಲ್ಲಿ ಹೆಚ್ಚೆಂದರೆ ಶೇ 59.3ರಷ್ಟನ್ನು ಮಾತ್ರ ಯಾವುದೇ ರೆಕ್ಕೆ ಹೀರಬಲ್ಲದು. ಇದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ತೋರಿಸಿಕೊಟ್ಟ ಮಿತಿ. ವಿಲಿಯಂನ ಡೈನಮೋ ಕೊಡುತ್ತಿದ್ದದ್ದು 12 ವ್ಯಾಟ್. ಗಾಳಿಯಲ್ಲಿದ್ದ ಶಕ್ತಿಯ ಹದಿನಾಲ್ಕನೆಯ ಒಂದು ಪಾಲು. ಇಲ್ಲಿ ಗಂಟಲು ಕಟ್ಟಿದ್ದು ಡೈನಮೋ. ರೆಕ್ಕೆ ಎಷ್ಟೇ ತಳ್ಳಿದರೂ ಅದು ಅದಕ್ಕಿಂತ ಹೆಚ್ಚು ಕೊಡಲಾರದು.

ಇನ್ನು ಎತ್ತರ. ಮೊದಲ ಗೋಪುರ ಮರಗಳ ಮರೆಯಲ್ಲಿತ್ತು. ಮುಂದೆ ಅವನು 12 ಮೀಟರ್ ಎತ್ತರದ ಗೋಪುರ ಕಟ್ಟಿದ. ಬಯಲಿನಲ್ಲಿ 5 ಮೀಟರಿನಿಂದ 12 ಮೀಟರಿಗೆ ಏರಿದರೆ ಗಾಳಿಯ ವೇಗ ಶೇ 13ರಷ್ಟು ಹೆಚ್ಚುತ್ತದೆ ಎಂಬುದು ಸಾಮಾನ್ಯ ಅಂದಾಜು. ಕೇಳಲು ಅಲ್ಪ. ಆದರೆ ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ ಶಕ್ತಿ ಸುಮಾರು ಶೇ 45ರಷ್ಟು ಏರುತ್ತದೆ. ಮರಗಳ ಮರೆ ತಪ್ಪಿದ ಲಾಭ ಇದರ ಮೇಲೆ. ದೊಡ್ಡ ರೆಕ್ಕೆಗೆ ಖರ್ಚು ಮಾಡುವ ಮುನ್ನ ಎತ್ತರದ ಕಂಬಕ್ಕೆ ಖರ್ಚು ಮಾಡಿ ಎಂದು ಈ ವಿಷಯ ತಿಳಿದವರು ಹೇಳುವುದು ಈ ಕಾರಣಕ್ಕೆ.

ಬಲ್ಬು ಹೊತ್ತಿದ ಮೇಲೆ

ಸೈಕಲ್ ಡೈನಮೋ ಕೊಡುವುದು ಎಸಿ ವಿದ್ಯುತ್, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್; ಬ್ಯಾಟರಿಯದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಬ್ಯಾಟರಿ ಹಾಕುವ ಕಡೆ ತಂತಿ ಸಿಕ್ಕಿಸಿದಾಗ ರೇಡಿಯೊ ಸುಮ್ಮನಿತ್ತು, ಎಸಿ ತಂತಿ ಸಿಕ್ಕಿಸುವ ಕಿಂಡಿಗೆ ಕೊಟ್ಟಾಗ ಹಾಡಿತು. ಪುಸ್ತಕದಲ್ಲಿ ಓದಿದ್ದ ಎಸಿ, ಡಿಸಿ ಭೇದ ಅವನಿಗೆ ಹೀಗೆ ಕಿವಿಯಿಂದ ಮನದಟ್ಟಾಯಿತು. ಮುಂದೆ ಕಾರಿನ ಬ್ಯಾಟರಿ ತುಂಬಿಸಲು ಹೊರಟಾಗ ಎಸಿಯನ್ನು ಡಿಸಿ ಮಾಡಲು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಬೇಕೆಂದು ತಿಳಿದಿದ್ದು ಈ ಪಾಠದಿಂದಲೇ. ಬ್ಯಾಟರಿ ಬಂದ ಮೇಲೆ ಗಾಳಿ ನಿಂತ ರಾತ್ರಿಯೂ ದೀಪ ಉರಿಯಿತು. ಅದಕ್ಕೂ ಮಿಕ್ಕ ಇನ್ನೊಂದು ಉಪಕಾರ ಬ್ಯಾಟರಿ ಮಾಡುತ್ತದೆ. ಡೈನಮೋಗೆ ಹೊರೆ ಕಡಿಮೆಯಾದರೆ, ಅಂದರೆ ನಾಲ್ಕು ಬಲ್ಬಿನ ಜಾಗದಲ್ಲಿ ಒಂದೇ ಉರಿಯುತ್ತಿದ್ದರೆ, ವೋಲ್ಟೇಜ್ ಏರಿ ಆ ಬಲ್ಬು ಸುಡುತ್ತದೆ. ನಡುವೆ ಬ್ಯಾಟರಿ ಇದ್ದರೆ ವೋಲ್ಟೇಜ್ ಹದದಲ್ಲಿ ನಿಲ್ಲುತ್ತದೆ.

ನಿಜವಾದ ಅಪಾಯ ಇದ್ದದ್ದು ಸೂರಿನಲ್ಲಿ. ಹುಲ್ಲು ಹೊದಿಸಿದ ಮಾಡು, ಗೆದ್ದಲು ತಿಂದ ತೊಲೆ, ಅದಕ್ಕೆ ಕಟ್ಟಿದ ಬರಿ ತಂತಿ. ತೊಲೆ ಕುಸಿದರೆ ತಂತಿಗೆ ತಂತಿ ತಾಗಿ ಕಿಡಿ ಹಾರಬೇಕು, ಹುಲ್ಲಿಗೆ ಕಿಡಿ ಬೀಳಬೇಕು, ಮನೆ ಉರಿದುಹೋಗಬೇಕು. ಇದನ್ನು ಅರಿತ ಹುಡುಗ ಮನೆಯ ತಂತಿಜಾಲವನ್ನೇ ಹೊಸದಾಗಿ ಕಟ್ಟಿದ. ಹವಾಯಿ ಚಪ್ಪಲಿಯ ರಬ್ಬರು, ಸೈಕಲ್ ಕಡ್ಡಿಗಳಿಂದ ಸ್ವಿಚ್ಚುಗಳಾದವು. ಅದಕ್ಕಿಂತ ಮಿಗಿಲಾದದ್ದು ಅವನು ಮಾಡಿದ ಸರ್ಕ್ಯೂಟ್ ಬ್ರೇಕರ್. ಎರಡು ಕಬ್ಬಿಣದ ಮೊಳೆಗಳಿಗೆ ತಾಮ್ರದ ತಂತಿ ಸುತ್ತಿದರೆ ಎರಡು ವಿದ್ಯುತ್ಕಾಂತಗಳಾದವು. ಅವುಗಳ ನಡುವೆ ಒಂದು ಅಯಸ್ಕಾಂತದ ತುಂಡು. ತಂತಿ ತಾಗಿ ವಿದ್ಯುತ್ ಒಮ್ಮೆಲೇ ಹೆಚ್ಚಿ ಹರಿದರೆ ಮೊಳೆಗಳ ಕಾಂತಬಲ ಹೆಚ್ಚಿ, ಅಯಸ್ಕಾಂತ ಜಾಗ ಬಿಟ್ಟು ಸರಿದು ಸಂಪರ್ಕ ಕಡಿಯುತ್ತದೆ. ನಮ್ಮ ಮನೆಗಳ ಸ್ವಿಚ್ ಹಲಗೆಯಲ್ಲಿರುವ ಪುಟ್ಟ ಬ್ರೇಕರಿನಲ್ಲೂ (ಎಂಸಿಬಿ) ಶಾರ್ಟ್ ಸರ್ಕ್ಯೂಟ್ ಆದಾಗ ಎಗರುವುದು ಇಂಥದೇ ಒಂದು ಸುರುಳಿಯ ಕಾಂತಬಲದಿಂದ. ಅವನ ಬ್ರೇಕರ್ ಮುಂದೆ ನಿಜಕ್ಕೂ ಎಗರಿ ಮನೆ ಉಳಿಸಿತು.

ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದೆಂದು ತೋರುವುದು ಇದೇ. ರೆಕ್ಕೆ, ಗೋಪುರ, ಸೈಕಲ್ ಚೌಕಟ್ಟು ಎಲ್ಲವೂ ದೂರದಿಂದ ಕಾಣುತ್ತವೆ, ಫೋಟೊದಲ್ಲಿ ಬರುತ್ತವೆ. ಗೋಡೆಯ ಮೇಲಿನ ಆ ಪುಟ್ಟ ಪೆಟ್ಟಿಗೆಯನ್ನು ಯಾರೂ ಕೇಳಿರಲಿಲ್ಲ, ಯಾವ ಚಪ್ಪಾಳೆಯೂ ಅದಕ್ಕೆ ಕಾದಿರಲಿಲ್ಲ. ಒಳಗೆ ಮಲಗುವವರು ತನ್ನ ಮನೆಯವರೇ ಎಂಬ ಕಾಳಜಿಯೊಂದೇ ಅದನ್ನು ಮಾಡಿಸಿದ್ದು.

ಸರಪಳಿ ಆಗಾಗ ಕಳಚುತ್ತಿತ್ತು; ಪ್ರತಿ ಸಲವೂ ಗೋಪುರ ಹತ್ತಿ, ರೆಕ್ಕೆ ನಿಲ್ಲಿಸಿ, ಮತ್ತೆ ಕೂಡಿಸಬೇಕಿತ್ತು. ನೆಲಮಟ್ಟದಲ್ಲಿ ಒಂದು ನಿಮಿಷದ ಕೆಲಸವಾಗಿರುವ ದುರಸ್ತಿ ಕಂಬದ ತುದಿಯಲ್ಲಿ ಪ್ರಾಣಕ್ಕೆ ಎರವಾಗಬಹುದು. ಎರಡೂವರೆ ಮೀಟರಿನ ತಿರುಗುವ ರೆಕ್ಕೆಯ ಪಕ್ಕದಲ್ಲಿ ಕೈಯಿಟ್ಟು ಕೆಲಸ ಮಾಡುವುದನ್ನು ಧೈರ್ಯ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ. ನಮಗಿದೆ.

ಹನ್ನೆರಡು ವ್ಯಾಟ್ ಎಂದರೆ ಎಷ್ಟು

ನಾಲ್ಕು ಬಲ್ಬು, ಎರಡು ರೇಡಿಯೊ. ಇಷ್ಟನ್ನು ಆ ಯಂತ್ರ ನಡೆಸುತ್ತಿತ್ತು ಎಂದು ವಿಲಿಯಂ 2007ರಲ್ಲಿ ಹೇಳಿದರು. ಅದರ ಜೊತೆಗೆ ಅಕ್ಕಪಕ್ಕದವರು ಮೊಬೈಲ್ ಚಾರ್ಜ್ ಮಾಡಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು. ಸೀಮೆಎಣ್ಣೆ ಬುಡ್ಡಿಯ ಹೊಗೆ ತಪ್ಪಿತು, ಎಣ್ಣೆಯ ಕಾಸು ಉಳಿಯಿತು, ಸೂರ್ಯ ಮುಳುಗಿದ ಮೇಲೂ ಓದಲು ಬಂತು.

ಈಗ ಅದೇ 12 ವ್ಯಾಟನ್ನು ನಮ್ಮ ಮನೆಗೆ ತಂದು ನೋಡೋಣ. ಇಡೀ ದಿನ ಒಂದು ಕ್ಷಣವೂ ಗಾಳಿ ನಿಲ್ಲದಿದ್ದರೂ ಸಿಗುವುದು 288 ವ್ಯಾಟ್‌ಗಂಟೆ. ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲೂ ಇಲ್ಲ. ಕಡಿಮೆ ವಿದ್ಯುತ್ ಎಳೆಯುವ ಇಂದಿನ ಸೀಲಿಂಗ್ ಫ್ಯಾನಿಗೂ ಸುಮಾರು 30 ವ್ಯಾಟ್ ಬೇಕು. ಮಿಕ್ಸಿಗೆ 500 ವ್ಯಾಟ್‌ಗೂ ಹೆಚ್ಚು. ಹಾಗಿದ್ದರೂ ಆ ಮನೆಗೆ ಆ ವಿದ್ಯುತ್ ಸಾಕಾಯಿತು, ಏಕೆಂದರೆ ಬೇಕಾದದ್ದೇ ಅಷ್ಟು. ಯಂತ್ರದ ಅಳತೆಯೂ ಮನೆಯ ಅಗತ್ಯದ ಅಳತೆಯೂ ಒಂದಕ್ಕೊಂದು ಕೂಡಿಬಂದಿದ್ದವು. ಆಗ ಅವನ ಕೈಗೆ ಸಿಕ್ಕಿದ್ದು ತಂತಿ ಕಾದು ಬೆಳಗುವ ಬಲ್ಬುಗಳು. ಇಂದಿನ ಎಲ್‌ಇಡಿ ದೀಪ ಅಷ್ಟೇ ವಿದ್ಯುತ್ತಿಗೆ ಅದರ ಏಳೆಂಟು ಪಟ್ಟು ಬೆಳಕು ಕೊಡುತ್ತದೆ; ಅದೇ ಯಂತ್ರ ಇಂದು ಆಗಿದ್ದರೆ ಆ ಮನೆಯ ಮೂಲೆ ಮೂಲೆಯೂ ಬೆಳಗುತ್ತಿತ್ತು.

ನೀರೆತ್ತುವ ಆಸೆ ಮಾತ್ರ ಈ ಡೈನಮೋದಿಂದ ತೀರುವಂತಿರಲಿಲ್ಲ. ಹತ್ತು ಮೀಟರ್ ಆಳದ ಬಾವಿಯಿಂದ 12 ವ್ಯಾಟಿನಲ್ಲಿ, ಅರ್ಧ ಶಕ್ತಿ ಪಂಪಿನಲ್ಲೇ ಪೋಲಾಗುತ್ತದೆಂದು ಹಿಡಿದರೆ, ಗಂಟೆಗೆ 220 ಲೀಟರ್ ಎತ್ತಬಹುದು. ಒಂದು ಎಕರೆಗೆ ದಿನಕ್ಕೆ 5 ಮಿಲಿಮೀಟರ್ ನೀರುಣಿಸಲು 20,000 ಲೀಟರ್ ಬೇಕು. ಹಗಲೂ ರಾತ್ರಿಯೂ ಗಾಳಿ ಬೀಸಿದರೂ ಕಾಲು ಎಕರೆಯ ಬಾಯಾರಿಕೆ ನೀಗುವುದು. ಹಸಿವಿಗೆ ಉತ್ತರ ಹುಡುಕುತ್ತ ಹೊರಟ ಹುಡುಗನಿಗೆ ಬೆಳಕು ಮೊದಲು ದಕ್ಕಿದ್ದು ಈ ಕಾರಣದಿಂದ.

2006ರ ನವೆಂಬರಿನಲ್ಲಿ ಮಲಾವಿಯ ‘ಡೈಲಿ ಟೈಮ್ಸ್’ ಪತ್ರಿಕೆ ಈ ಯಂತ್ರದ ವರದಿ ಪ್ರಕಟಿಸಿತು. 2007ರ ಜೂನಿನಲ್ಲಿ ಟಾಂಜಾನಿಯಾದ ಅರೂಷಾದಲ್ಲಿ ನಡೆದ, ಹೊಸ ಆಲೋಚನೆಗಳನ್ನು ಹಂಚಿಕೊಳ್ಳುವ ಟೆಡ್ ಸಮಾವೇಶಕ್ಕೆ ಕರೆ ಬಂತು. ಅಲ್ಲಿ ಸಿಕ್ಕ ನೆರವಿನಿಂದ ಅವರು ಓದು ಮುಂದುವರಿಸಿದರು; ಜೋಹಾನ್ಸ್‌ಬರ್ಗಿನಲ್ಲಿ ಓದಿ, 2014ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದರು. ಊರಿಗೆ ಕೊಳವೆಬಾವಿ ಬಂತು, ಸೌರಶಕ್ತಿಯ ಪಂಪು ಬಂತು, ಹನಿ ನೀರಾವರಿಯೂ ಬಂತು. 2002ರಿಂದ ಮತ್ತೆ ಶಾಲೆಗೆ ಸೇರುವವರೆಗೆ ಕಳೆದ ವರ್ಷಗಳಲ್ಲಿ ಆ ಹುಡುಗ ಶಾಲೆಯ ಹೊರಗಿದ್ದ ಎಂಬುದನ್ನು ಸಂಭ್ರಮದ ಮಾತುಗಳಲ್ಲಿ ಮರೆಯಬಾರದು. 80 ಡಾಲರ್ ಆ ಮನೆಯಲ್ಲಿ ಇದ್ದಿದ್ದರೆ ಅವನು ಓದು, ಯಂತ್ರ ಎರಡನ್ನೂ ಮಾಡುತ್ತಿದ್ದ ಎಂದೇ ನನ್ನ ನಂಬಿಕೆ.

ಕರ್ನಾಟಕದಲ್ಲಿ ಇದನ್ನು ಮಾಡಲು ಹೊರಡುವವರಿಗೆ

ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಬೆಟ್ಟಸಾಲಿನಲ್ಲಿ ದೈತ್ಯ ಗಾಳಿಯಂತ್ರಗಳು ತಿರುಗುವುದನ್ನು ನೋಡಿ, ನಮ್ಮ ಮಾಳಿಗೆಯ ಮೇಲೂ ಒಂದು ಇರಲಿ ಎನ್ನಿಸುವುದು ಸಹಜ. ಆದರೆ ಆ ಯಂತ್ರಗಳು ಬೆಟ್ಟದ ನೆತ್ತಿಯಲ್ಲಿ, ಅದರ ಮೇಲೆ ಹತ್ತಾರು ಮೀಟರ್ ಎತ್ತರದಲ್ಲಿವೆ. ಊರೊಳಗಿನ ಮಾಳಿಗೆಯ ಗಾಳಿ ಪಕ್ಕದ ಮನೆಗೂ ತೆಂಗಿನ ಮರಕ್ಕೂ ಬಡಿದು ಸುಳಿಸುಳಿಯಾಗಿ ಬರುವಂಥದ್ದು. ಅದರಲ್ಲಿ ರೆಕ್ಕೆ ತಿರುಗುವುದಕ್ಕಿಂತ ಒದರಾಡುವುದೇ ಹೆಚ್ಚು. ನಮ್ಮ ಬಯಲುಸೀಮೆಯಲ್ಲಿ ಗಾಳಿಯ ಕಾಲವೆಂದರೆ ಜೂನಿನಿಂದ ಸೆಪ್ಟೆಂಬರ್. ವರ್ಷದ ಉಳಿದ ತಿಂಗಳುಗಳಲ್ಲಿ ಬ್ಯಾಟರಿ ಬೇರೆ ಆಸರೆ ಬಯಸುತ್ತದೆ. 100 ವ್ಯಾಟಿನ ಒಂದು ಸೌರಫಲಕ ಬಿಸಿಲಿನ ದಿನ ಸುಮಾರು 400 ವ್ಯಾಟ್‌ಗಂಟೆ ಕೊಡುತ್ತದೆ. ವಿದ್ಯುತ್ತೊಂದೇ ಗುರಿಯಾದರೆ ಸೌರಫಲಕ ಕೊಳ್ಳಿ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಬಯಲಿನ ತೋಟದ ಮನೆಯಿದ್ದು, ಮಳೆಗಾಲದ ಮೋಡದ ದಿನಗಳಿಗೆ ಸೌರದ ಜೊತೆ ಗಾಳಿಯೂ ಇರಲಿ ಎನ್ನುವವರು, ಶಾಲಾ ಮಕ್ಕಳಿಗೆ ಕೈಯಾರೆ ಕಲಿಸಬೇಕೆನ್ನುವವರು ಖಂಡಿತ ಕಟ್ಟಬೇಕು.

ಕಟ್ಟುವವರು ಸೈಕಲ್ ಡೈನಮೋಗೆ ಅಂಟಿಕೊಳ್ಳಬೇಕಿಲ್ಲ. ನಿಧಾನ ವೇಗದಲ್ಲೇ ವಿದ್ಯುತ್ ಕೊಡುವ, ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರನ್ನು ರೆಕ್ಕೆಗೆ ನೇರವಾಗಿ ಕೂಡಿಸಿದರೆ ಸರಪಳಿಯ ಕಾಟವೇ ಇಲ್ಲ. ಕಂಬದ ಬುಡಕ್ಕೆ ತಿರುಗಣೆ ಹಾಕಿ, ದುರಸ್ತಿ ಬಂದಾಗ ಇಡೀ ಕಂಬವನ್ನೇ ನೆಲಕ್ಕೆ ಮಲಗಿಸುವ ಹಾಗೆ ಮಾಡಿಕೊಂಡರೆ ಯಾರೂ ಮೇಲೆ ಹತ್ತಬೇಕಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಬಿರುಗಾಳಿಗೆ ರೆಕ್ಕೆ ತಾನಾಗಿಯೇ ಓರೆಯಾಗಿ ಗಾಳಿಯ ಹೊಡೆತ ತಪ್ಪಿಸಿಕೊಳ್ಳುವಂತೆ ಮಡಚುವ ಬಾಲ ಬೇಕು. ಬ್ಯಾಟರಿ ತುಂಬಿತೆಂದು ತಂತಿ ಬಿಚ್ಚಿಬಿಡುವ ಯೋಚನೆ ಎಂದಿಗೂ ಬೇಡ: ಹೊರೆ ಕಳಚಿದ ರೆಕ್ಕೆ ಲಗಾಮಿಲ್ಲದ ವೇಗಕ್ಕೆ ಏರಿ ಚೂರಾಗುತ್ತದೆ. ಮಿಕ್ಕ ವಿದ್ಯುತ್ತನ್ನು ಶಾಖವಾಗಿ ಕಳೆಯುವ ಒಂದು ಹೀಟರ್ ಸುರುಳಿಯನ್ನೂ, ಆಲ್ಟರ್ನೇಟರಿನ ತಂತಿಗಳನ್ನು ಒಂದಕ್ಕೊಂದು ಕೂಡಿಸಿ ರೆಕ್ಕೆಯನ್ನು ತಡೆಯುವ ಬ್ರೇಕ್ ಸ್ವಿಚ್ಚನ್ನೂ ಅಳವಡಿಸಿ, ಸಣ್ಣ ಗಾಳಿಯಲ್ಲಿ ಎರಡನ್ನೂ ಪರೀಕ್ಷೆ ಮಾಡಿದ ಮೇಲೆಯೇ ಮಳೆಗಾಲದ ಗಾಳಿಗೆ ಕಂಬ ಎತ್ತಿ ನಿಲ್ಲಿಸಿ.